ಕೇರಳದ ತೊಂಬತ್ತೊಂಬತ್ತೂ ನಮ್ಮ ಅರವತ್ತಾರೂ

2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಶೇ 96.80. ಮಂಡ್ಯ, ಹಾಸನ ಕೂದಲೆಳೆಯಷ್ಟು ಹಿಂದೆ. ಮೇಲಿನ ಎರಡು ಸ್ಥಾನ ತಮ್ಮದೇ ಎಂಬಂತಿದ್ದ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು 18 ಮತ್ತು 19ನೇ ಸ್ಥಾನಕ್ಕೆ ಜಾರಿದ್ದವು. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಒಳಗೆ ನಡೆಯುವುದೆಲ್ಲ ಜಿಲ್ಲಾ ಕೇಂದ್ರದಲ್ಲಿ ಕೂತವರಿಗೆ ನೇರವಾಗಿ ಕಾಣುವ ವೆಬ್‌ಕಾಸ್ಟಿಂಗ್ ವ್ಯವಸ್ಥೆ. 2024ರ ಮೇ 9ರಂದು ಫಲಿತಾಂಶ ಬಂದಾಗ ಶೇ 94ರೊಂದಿಗೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ಹಿಂದಿನ ವರ್ಷ 28ನೇ ಸ್ಥಾನದಲ್ಲಿದ್ದ ಶಿವಮೊಗ್ಗ ಮೂರಕ್ಕೆ ಜಿಗಿಯಿತು. ಚಿತ್ರದುರ್ಗ? 21ನೇ ಸ್ಥಾನ, ಶೇ 72.85.

ಚಿತ್ರದುರ್ಗದ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ, ಉಡುಪಿಯ ಮಕ್ಕಳು ಒಂದೇ ವರ್ಷದಲ್ಲಿ ಜಾಣರಾಗಲೂ ಇಲ್ಲ. ಮೇಷ್ಟ್ರುಗಳು ಅವರೇ, ಪಠ್ಯವೂ ಬಹುಮಟ್ಟಿಗೆ ಅದೇ. ಬದಲಾದದ್ದು ಕೊಠಡಿಯ ಮೂಲೆಯಲ್ಲಿದ್ದ ಒಂದು ಯಂತ್ರ. ಆ ಯಂತ್ರ ಒಂದೇ ರಾಜ್ಯದ ಜಿಲ್ಲಾ ಪಟ್ಟಿಯನ್ನು ಇಷ್ಟರಮಟ್ಟಿಗೆ ತಲೆಕೆಳಗು ಮಾಡಬಲ್ಲದು ಎಂದ ಮೇಲೆ, ಕ್ಯಾಮೆರಾ ಇರುವ ರಾಜ್ಯವನ್ನೂ ಇಲ್ಲದ ರಾಜ್ಯವನ್ನೂ, ಆರು ಪತ್ರಿಕೆಯ ಪರೀಕ್ಷೆಯನ್ನೂ ಐದು ಪತ್ರಿಕೆಯ ಪರೀಕ್ಷೆಯನ್ನೂ ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ‘ಕರ್ನಾಟಕ ಹಿಂದುಳಿಯಿತು’ ಎಂದು ಬೊಬ್ಬೆ ಹಾಕುವುದಕ್ಕೆ ಏನರ್ಥ? ಆದರೂ ಪ್ರತಿ ಮೇ ತಿಂಗಳಲ್ಲಿ ಅದೇ ನಡೆಯುತ್ತದೆ. 2025ರಲ್ಲಿ ಟಿ.ವಿ. ಪರದೆಯ ಎಡಕ್ಕೆ ಕೇರಳದ 99, ಬಲಕ್ಕೆ ತಮಿಳುನಾಡಿನ 93, ನಡುವೆ ಕೆಂಪಕ್ಷರದಲ್ಲಿ ನಮ್ಮ 66. ವಿರೋಧ ಪಕ್ಷದವರು ಶಿಕ್ಷಣ ಸಚಿವರ ರಾಜೀನಾಮೆ ಕೇಳುತ್ತಾರೆ. ಸಚಿವರು ಅಧಿಕಾರಿಗಳ ಸಭೆ ಕರೆಯುತ್ತಾರೆ. ಅಧಿಕಾರಿಗಳು ಮುಖ್ಯ ಶಿಕ್ಷಕರಿಗೆ ಷೋಕಾಸ್ ನೋಟಿಸ್ ಕೊಡುತ್ತಾರೆ. ಮುಖ್ಯ ಶಿಕ್ಷಕರು ಇನ್ನಾರಿಗೂ ನೋಟಿಸ್ ಕೊಡುವಂತಿಲ್ಲ, ಹಾಗಾಗಿ ಹತ್ತನೇ ತರಗತಿಯ ಮಕ್ಕಳನ್ನು ಬೆಳಗಿನ ಜಾವ ಐದಕ್ಕೇ ಫೋನ್ ಮಾಡಿ ಎಬ್ಬಿಸುವ ಕೆಲಸ ಹಚ್ಚಿಕೊಳ್ಳುತ್ತಾರೆ.

ಈ ಇಡೀ ಗದ್ದಲದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳುವವರು ಕಡಿಮೆ. ಕಳೆದ ಹತ್ತು ವರ್ಷಗಳಲ್ಲಿ ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆ ಮಾಡಿದ ಅತ್ಯಂತ ಪ್ರಾಮಾಣಿಕ ಕೆಲಸವೆಂದರೆ ತನ್ನ ಫಲಿತಾಂಶ ಬೀಳಲು ಬಿಟ್ಟದ್ದು. ಈಗ ಅದೇ ಸರ್ಕಾರ ಪಕ್ಕದ ರಾಜ್ಯಗಳತ್ತ ಕೈ ತೋರಿಸಿ ಆ ಪ್ರಾಮಾಣಿಕತೆಯಿಂದ ಮೆಲ್ಲಗೆ ಹಿಂದೆ ಸರಿಯುತ್ತಿದೆ. ನನ್ನ ತಕರಾರು ಇರುವುದು ಇದಕ್ಕೆ.

ಅಂಕಿಗಳನ್ನು ಒಮ್ಮೆ ಸಾಲಾಗಿ ನೋಡೋಣ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. ಕ್ಯಾಮೆರಾ ಬಂದ 2024ರಲ್ಲಿ ಶೇ 73.40. ಈ 73.40 ಕೂಡ ನಿಜವಾದ ಅಂಕಿ ಅಲ್ಲ. ಬಿದ್ದ ಫಲಿತಾಂಶ ನೋಡಿ ಗಾಬರಿಯಾದ ಇಲಾಖೆ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿತು, ಕೃಪಾಂಕಕ್ಕೆ ಅರ್ಹರಾಗುವ ಗೆರೆಯನ್ನು ಶೇ 35ರಿಂದ 25ಕ್ಕೆ ಇಳಿಸಿತು. ಸುಮಾರು 1.7 ಲಕ್ಷ ಮಕ್ಕಳು ದಡ ಸೇರಿದ್ದು ಹೀಗೆ. ಅದನ್ನು ಕಳೆದರೆ ಆ ವರ್ಷದ ಫಲಿತಾಂಶ ಶೇ 54ರ ಆಸುಪಾಸಿನದು. ಕೃಪಾಂಕ ಹಂಚಿದ್ದಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಅಸಮಾಧಾನ ತೋರಿದರು, ಮುಂದೆ ಬೇಡ ಎಂದರು. 2025ರಲ್ಲಿ ಆ ಧಾರಾಳ ಇರಲಿಲ್ಲ. ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14, ಮರಳಿ ಬರೆದವರನ್ನೂ ಖಾಸಗಿ ಅಭ್ಯರ್ಥಿಗಳನ್ನೂ ಸೇರಿಸಿದರೆ ಶೇ 62.34.

ಮರುದಿನದ ಸುದ್ದಿಯೆಲ್ಲ ‘ಮತ್ತೆ ಕುಸಿತ’ ಎಂಬ ಧಾಟಿಯದೇ. ಕೃಪಾಂಕದ ಉಬ್ಬು ತೆಗೆದು ಸಮಕ್ಕೆ ಸಮ ಇಟ್ಟು ನೋಡಿದರೆ ಅದು ಏರಿಕೆ, ಅದೂ ಸಣ್ಣ ಏರಿಕೆಯಲ್ಲ. ಈ ಮಕ್ಕಳು ಯಾರು ಎಂಬುದನ್ನೂ ನೆನೆಯಬೇಕು. 2025ರಲ್ಲಿ ಹತ್ತನೇ ತರಗತಿ ಬರೆದವರು ಕೋವಿಡ್ ಬಂದಾಗ ಐದನೇ ತರಗತಿ ಮುಗಿಸುತ್ತಿದ್ದವರು. ಆರನೇ ತರಗತಿ ಎಂಬುದನ್ನು ಅವರು ಬಹುಪಾಲು ಮೊಬೈಲ್ ಪರದೆಯಲ್ಲಿ, ವಠಾರದ ಕಟ್ಟೆಯ ಮೇಲೆ, ಇಲ್ಲವೇ ಎಲ್ಲಿಯೂ ಓದದೆ ದಾಟಿದರು. ಏಳನೇ ತರಗತಿಗೆ ಶಾಲೆ ಬಾಗಿಲು ತೆರೆದದ್ದು ಸೆಪ್ಟೆಂಬರ್‌ನಲ್ಲಿ. ಅಂಥ ಮಕ್ಕಳಲ್ಲಿ ಮೂರರಲ್ಲಿ ಇಬ್ಬರು ಕ್ಯಾಮೆರಾದ ಎದುರು ಕೂತು, ತಾವೇ ಬರೆದು ಪಾಸಾದರು. ಇದು ತಲೆತಗ್ಗಿಸುವ ಸಂಗತಿ ಹೇಗಾಗುತ್ತದೆ?

ಇನ್ನು ಪಕ್ಕದ ರಾಜ್ಯಗಳು. 2025ರಲ್ಲಿ ಕೇರಳ ಶೇ 99.5, ತಮಿಳುನಾಡು 93.80, ತೆಲಂಗಾಣ 92.78, ಆಂಧ್ರ 81.14. ಈ ಐದು ರಾಜ್ಯಗಳ ಪರೀಕ್ಷೆಗಳನ್ನು ಹೋಲಿಸುವುದೆಂದರೆ ಐದು ಸಂತೆಗಳ ಐದು ಬಗೆಯ ತೂಕದ ಕಲ್ಲಿನಲ್ಲಿ ಅಳೆದ ರಾಗಿಯನ್ನು ಒಂದೇ ಲೆಕ್ಕಕ್ಕೆ ಬರೆದುಕೊಂಡಂತೆ. ತಮಿಳುನಾಡಿನ ಮಗು ಬರೆಯುವುದು ಐದು ಪತ್ರಿಕೆ, ಒಟ್ಟು 500 ಅಂಕ. ನಮ್ಮ ಮಗು ಮೂರನೇ ಭಾಷೆಯೂ ಸೇರಿ ಆರು ಪತ್ರಿಕೆ ಬರೆಯುತ್ತದೆ, ಒಟ್ಟು 625. ಆಂಧ್ರದಲ್ಲೂ ಆರು ವಿಷಯಗಳೇ, ಆದರೆ ಅಲ್ಲಿ ಹಿಂದಿಗೆ 20 ಅಂಕ ಬಂದರೆ ಸಾಕು, ಉಳಿದವಕ್ಕೆ 35. ಕೇರಳದಲ್ಲಿ ಅಂಕವನ್ನೇ ಹೇಳುವುದಿಲ್ಲ, ಶ್ರೇಣಿ ಕೊಡುತ್ತಾರೆ. ಅಲ್ಲಿ 100 ಅಂಕದ ವಿಷಯವೊಂದರಲ್ಲಿ 20 ಅಂಕ ಶಾಲೆಯ ಕೈಯಲ್ಲಿರುತ್ತದೆ. ಆ ಇಪ್ಪತ್ತೂ ಪೂರ್ತಿ ಬಂದರೆ ಉಳಿದ 80ರಲ್ಲಿ 10 ಗಳಿಸಿದ ಮಗುವೂ ತೇರ್ಗಡೆ. ಕೇರಳದ ಮಕ್ಕಳು ಓದುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಬೇರೆ ಅಳತೆಗಳಲ್ಲೂ ಅವರು ನಮಗಿಂತ ಮುಂದೆಯೇ ಇದ್ದಾರೆ. ಆದರೆ 99.5 ಎಂಬ ಅಂಕಿ ಅದರ ಸಾಕ್ಷಿ ಅಲ್ಲ.

ಇದನ್ನು ಮೊದಲು ಒಪ್ಪಿಕೊಂಡವರು ಕೇರಳದವರೇ ಎಂಬುದು ಈ ಪ್ರಸಂಗದ ಸೊಗಸು. 2023ರ ಕೊನೆಯಲ್ಲಿ ಅಲ್ಲಿನ ಸಾರ್ವಜನಿಕ ಶಿಕ್ಷಣ ನಿರ್ದೇಶಕರು ಮುಚ್ಚಿದ ಬಾಗಿಲಿನ ಸಭೆಯಲ್ಲಿ, ಅಕ್ಷರ ಕೂಡಿಸಿ ಓದಲು ಬಾರದ ಮಕ್ಕಳಿಗೂ ಎ ಪ್ಲಸ್ ಹಂಚುತ್ತಿರುವುದು ಮಕ್ಕಳಿಗೆ ಮಾಡುವ ಮೋಸ ಎಂಬರ್ಥದ ಮಾತಾಡಿದ್ದು ಧ್ವನಿಮುದ್ರಣವಾಗಿ ಹೊರಗೆ ಬಂತು. ಸಚಿವರು ಅದು ಸರ್ಕಾರದ ನಿಲುವಲ್ಲ ಎಂದು ಕೈತೊಳೆದುಕೊಂಡರು. ಆದರೆ ಎಂಟೇ ತಿಂಗಳಲ್ಲಿ ಅದೇ ಸರ್ಕಾರದ ಸಚಿವ ಸಂಪುಟ, ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಶೇ 30 ಕಡ್ಡಾಯ ಎಂಬ ನಿಯಮವನ್ನು ಎಂಟನೇ ತರಗತಿಯಿಂದ ಮೇಲಕ್ಕೆ ಹಂತ ಹಂತವಾಗಿ ತರಲು ತೀರ್ಮಾನಿಸಿತು. ಮೊದಲ ವರ್ಷ ಎಂಟನೇ ತರಗತಿಯಲ್ಲಿ ಐದರಲ್ಲೊಂದು ಪಾಲು ಮಕ್ಕಳು ಒಂದಲ್ಲ ಒಂದು ವಿಷಯದಲ್ಲಿ ಆ ಗೆರೆ ಮುಟ್ಟಲಿಲ್ಲ. ಅವರನ್ನು ಫೇಲು ಮಾಡಿ ಮನೆಗೆ ಕಳಿಸಲಿಲ್ಲ. ಬೇಸಿಗೆ ರಜೆಯಲ್ಲಿ ಶಾಲೆಗೆ ಕರೆದು ಆ ವಿಷಯಗಳನ್ನು ಮತ್ತೆ ಕಲಿಸಿ, ಮತ್ತೆ ಪರೀಕ್ಷೆ ಮಾಡಿದರು.

ಅಂದರೆ 99ರ ತುದಿ ಮುಟ್ಟಿದ ರಾಜ್ಯ ಅಲ್ಲಿಂದ ಕೆಳಗಿಳಿಯಲು ಏಣಿ ಹುಡುಕುತ್ತಿದೆ. ನಾವು ಅದೇ ಏಣಿ ಹತ್ತಲು ಹೊರಟಿದ್ದೇವೆ. 2025ರ ಅಕ್ಟೋಬರ್‌ನಲ್ಲಿ ಸಚಿವ ಮಧು ಬಂಗಾರಪ್ಪನವರು ಎಸ್‌ಎಸ್‌ಎಲ್‌ಸಿ ತೇರ್ಗಡೆಯ ಗೆರೆಯನ್ನು 35ರಿಂದ 33ಕ್ಕೆ ಇಳಿಸುವುದಾಗಿ ಘೋಷಿಸಿದರು. 625ಕ್ಕೆ ಒಟ್ಟು 206 ಬಂದರೆ ಸಾಕು, ವಿಷಯವೊಂದಕ್ಕೆ ಶೇ 30 ಇದ್ದರಾಯಿತು. ಕೊಟ್ಟ ಕಾರಣ ಏನು? ಸಿಬಿಎಸ್‌ಇಯಲ್ಲಿ ಹೀಗಿದೆ, ಬೇರೆ ರಾಜ್ಯಗಳಲ್ಲಿ ಹೀಗಿದೆ. ಸಿಬಿಎಸ್‌ಇಯಲ್ಲಿ 33 ಇರುವುದು ನಿಜ. ಆದರೆ ನಮ್ಮ ಗಡಿಗೆ ಅಂಟಿಕೊಂಡ ತಮಿಳುನಾಡಿನಲ್ಲಿ 35, ತೆಲಂಗಾಣದಲ್ಲಿ ಬಹುತೇಕ ವಿಷಯಗಳಿಗೆ 35, ಹಿಂದಿ ಬಿಟ್ಟರೆ ಆಂಧ್ರದಲ್ಲೂ 35. ಬೇಕಾದ ರಾಜ್ಯವನ್ನು ಆರಿಸಿಕೊಂಡು ಹೋಲಿಸುವುದಾದರೆ ಜಗತ್ತಿನಲ್ಲಿ ಸಮರ್ಥಿಸಲಾಗದ ನೀತಿಯೇ ಇಲ್ಲ. ಈ ನಿಯಮದಡಿ ಮುಂದೆ ಬರುವ ಯಾವ ಏರಿಕೆಯನ್ನಾದರೂ ‘ನಮ್ಮ ಸರ್ಕಾರದ ಸಾಧನೆ’ ಎಂದು ಜಾಹೀರಾತು ಮಾಡಿದರೆ, ಗೆರೆ ಇಳಿಸಿದ ಕೈಯನ್ನು ಓದುಗರು ಮರೆಯಬಾರದು.

ನಕಲು ತಡೆದರೆ ಏನಾಗುತ್ತದೆ ಎಂಬುದಕ್ಕೆ ಉತ್ತರದ ರಾಜ್ಯಗಳಲ್ಲಿ ಹಳೆಯ ಪಾಠಗಳಿವೆ. 1992ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರ, ರಾಜನಾಥ್ ಸಿಂಗ್ ಶಿಕ್ಷಣ ಸಚಿವರಾಗಿದ್ದಾಗ, ನಕಲು ಮಾಡುವುದನ್ನು ಜಾಮೀನಿಲ್ಲದ ಅಪರಾಧವನ್ನಾಗಿ ಮಾಡಿತು. ಹೈಸ್ಕೂಲು ಫಲಿತಾಂಶ ಶೇ 14.70ಕ್ಕೆ ಬಿತ್ತು. ಮುಂದಿನ ಚುನಾವಣೆಯಲ್ಲಿ ಮುಲಾಯಂ ಸಿಂಗ್ ಯಾದವರು ಆ ಕಾನೂನನ್ನೇ ವಿಷಯ ಮಾಡಿಕೊಂಡರು, ಗೆದ್ದು ಬಂದು ಅದನ್ನು ಕಿತ್ತು ಹಾಕಿದರು, ಫಲಿತಾಂಶವೂ ಎದ್ದು ಕೂತಿತು. ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ಅಪ್ಪ, ಮಾಮಂದಿರು ಶಾಲೆಯ ಗೋಡೆ ಹತ್ತಿ ಕಿಟಕಿಯೊಳಗೆ ಚೀಟಿ ತೂರಿಸುತ್ತಿದ್ದ 2015ರ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಮರುವರ್ಷ ಬಿಗಿ ಮಾಡಿದರು, ಮೆಟ್ರಿಕ್ ಫಲಿತಾಂಶ 75ರಿಂದ 47ರ ಸುಮಾರಿಗೆ ಇಳಿಯಿತು. 2025ರಲ್ಲಿ ಅದೇ ಬಿಹಾರ ಶೇ 82.11. ನಡುವೆ ಏನಾಯಿತು? ಪ್ರಶ್ನೆಪತ್ರಿಕೆಯ ಅರ್ಧ ಅಂಕ ವಸ್ತುನಿಷ್ಠ ಪ್ರಶ್ನೆಗಳಿಗೆ ಹೋಯಿತು, ಬರೆಯಬೇಕಾದ್ದಕ್ಕಿಂತ ಇಮ್ಮಡಿ ಪ್ರಶ್ನೆ ಕೊಟ್ಟು ಬೇಕಾದ್ದನ್ನು ಆರಿಸಿಕೊಳ್ಳಿ ಎಂದರು. ಫಲಿತಾಂಶ ಏರಿಸುವುದು ಸರ್ಕಾರಕ್ಕೆ ಒಂದು ಸುತ್ತೋಲೆಯ ಕೆಲಸ. ಮಗುವಿಗೆ ಓದಲು ಕಲಿಸುವುದು ಐದು ವರ್ಷದ ಕೆಲಸ, ಚುನಾವಣೆಯೂ ಐದು ವರ್ಷಕ್ಕೊಮ್ಮೆ ಬರುತ್ತದೆ. ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಹೇಳಬೇಕಿಲ್ಲ.

‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಜನವರಿಯಾದ ಮೇಲೆ ಉಸಿರಾಡುವುದೇ ಅದನ್ನು. ನಿಧಾನ ಕಲಿಕೆಯವರು ಎಂದು ಪಟ್ಟಿಯಾದ ಮಕ್ಕಳಿಗೆ ಇಡೀ ಪಠ್ಯ ಬಿಟ್ಟು ನಲವತ್ತು ಅಂಕಕ್ಕೆ ಸಾಲುವಷ್ಟು ಸರಕನ್ನು ಒಂದು ಸಣ್ಣ ಜೆರಾಕ್ಸ್ ಪುಸ್ತಕದಲ್ಲಿ ಕಟ್ಟಿಕೊಡುತ್ತಾರೆ. ಸಮಾಜ ವಿಜ್ಞಾನಕ್ಕೆ ಭಾರತದ ನಕ್ಷೆ ಬಿಡಿಸಿ ಸ್ಥಳ ಗುರುತಿಸುವುದು, ವಿಜ್ಞಾನಕ್ಕೆ ಕಣ್ಣು, ಹೃದಯದ ಚಿತ್ರ, ಗಣಿತಕ್ಕೆ ಥೇಲ್ಸ್ ಪ್ರಮೇಯ, ಕನ್ನಡಕ್ಕೆ ಬಾಯಿಪಾಠದ ಪದ್ಯ. ಮಕ್ಕಳು ನಕ್ಷೆಯನ್ನು ದಿನಕ್ಕೊಂದರಂತೆ ಬಿಡಿಸುತ್ತಾರೆ. ಗುಜರಾತಿನ ಮೂಗನ್ನೂ ಈಶಾನ್ಯದ ತೋಳನ್ನೂ ಕಣ್ಣುಮುಚ್ಚಿ ಎಳೆಯಬಲ್ಲ ಹುಡುಗನಿಗೆ, ಅದೇ ನಕ್ಷೆಯ ಕೆಳಗೆ ಅಚ್ಚಾದ ಎರಡು ಸಾಲಿನ ಸೂಚನೆ ಓದಿ ಹೇಳು ಎಂದರೆ ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾನೆ. ಪರೀಕ್ಷೆಯಲ್ಲಿ ಆ ಸೂಚನೆ ಓದುವ ಅಗತ್ಯ ಅವನಿಗಿಲ್ಲ. ಯಾವ ಪ್ರಶ್ನೆ ಎಲ್ಲಿ ಬರುತ್ತದೆ ಎಂಬುದು ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲೇ ಇದೆ. ಇದಕ್ಕಾಗಿ ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ಏಳು ವರ್ಷ ಓದು ಬಾರದೆ ಮೇಲೇರಿ ಬಂದ ಹುಡುಗನನ್ನು ಹತ್ತು ತಿಂಗಳಲ್ಲಿ ಪಾಸು ಮಾಡಿಸು, ಇಲ್ಲವೇ ಬಡ್ತಿ ಮರೆತುಬಿಡು ಎಂದು ಯಾರಿಗಾದರೂ ಹೇಳಿ ನೋಡಿ, ಅವರೂ ನಕ್ಷೆಯನ್ನೇ ಕಲಿಸುತ್ತಾರೆ.

ಹತ್ತನೇ ತರಗತಿ ಬೇಡ ಎಂದರೆ ರಾಜ್ಯಗಳನ್ನು ಅಳೆಯಲು ಬೇರೆ ಕೋಲುಗಳಿಲ್ಲವೇ? ಇವೆ, ಆದರೆ ಅವುಗಳದ್ದೂ ಒಂದೊಂದು ಕಥೆ. ಕೇಂದ್ರ ಶಿಕ್ಷಣ ಸಚಿವಾಲಯ 2017–18ರಿಂದ ಪಿಜಿಐ ಎಂಬ ಸಾವಿರ ಅಂಕದ ಸೂಚ್ಯಂಕ ಹೊರಡಿಸುತ್ತಿದೆ. ಅದರ ಈಗಿನ ರೂಪದಲ್ಲಿ ಕಲಿಕೆಗೆ ಮೀಸಲು 240 ಅಂಕ ಮಾತ್ರ. ಉಳಿದದ್ದು ಕಟ್ಟಡ, ಆಡಳಿತ, ಸಮಾನತೆ, ತರಬೇತಿ ಇತ್ಯಾದಿ. ಅದರಲ್ಲಿ ಬಹುಪಾಲು ಮಾಹಿತಿ ಶಾಲೆಗಳೇ ಯು–ಡೈಸ್ ಎಂಬ ಶಾಲಾ ಮಾಹಿತಿ ಅರ್ಜಿಯಲ್ಲಿ ತುಂಬಿದ್ದು. ಶೌಚಾಲಯ ಇದೆಯೇ? ಇದೆ. ನೀರು ಬರುತ್ತದೆಯೇ ಎಂಬುದು ಬೇರೆ ಮಾತು. ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಳ್ಳುವ ಸೌಭಾಗ್ಯ ನಮ್ಮ ಮಕ್ಕಳಿಗಿಲ್ಲ, ನಮ್ಮ ರಾಜ್ಯಗಳಿಗಿದೆ.

ಕೇಂದ್ರದ ರಾಷ್ಟ್ರೀಯ ಸಾಧನಾ ಸಮೀಕ್ಷೆ ಮಕ್ಕಳನ್ನೇ ಪರೀಕ್ಷಿಸುತ್ತದೆ ನಿಜ, 2021ರ ನವೆಂಬರ್‌ನಲ್ಲಿ ಸುಮಾರು 34 ಲಕ್ಷ ಮಕ್ಕಳು ಬರೆದರು. ಪಂಜಾಬ್ ಕೇರಳವನ್ನೂ ಹಿಂದೆ ಹಾಕಿತು. ಆ ವರ್ಷ ಅಲ್ಲಿ ಸಮೀಕ್ಷೆಗೆಂದೇ ಅಣಕು ಪರೀಕ್ಷೆಗಳನ್ನು ಮಾಡಿಸಿದ್ದು ಗುಟ್ಟೇನಲ್ಲ. ಮಧ್ಯಪ್ರದೇಶದ ಸರ್ಕಾರಿ ಶಾಲೆಗಳಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಸಿಂಗ್ ನಡೆಸಿದ ಅಧ್ಯಯನ ಇನ್ನೂ ಕಟು. ಸರ್ಕಾರಿ ಮೌಲ್ಯಮಾಪನದಲ್ಲಿ ಚೆನ್ನಾಗಿ ಬಂದ ಮಕ್ಕಳಿಗೆ ಹೊರಗಿನವರು ಮತ್ತೆ ಪರೀಕ್ಷೆ ಮಾಡಿದಾಗ ಸಾಧನೆ ಎಷ್ಟೋ ಕೆಳಗಿತ್ತು. ಶಾಲೆಯವರೇ ಪರೀಕ್ಷೆ ನಡೆಸಿ, ಶಾಲೆಯವರೇ ತಿದ್ದಿ, ಅದರ ಮೇಲೆ ರಾಜ್ಯದ ಮಾನ ನಿಂತಿರುವಾಗ ಬೇರೇನು ನಿರೀಕ್ಷಿಸುತ್ತೀರಿ? 2024ರ ಡಿಸೆಂಬರ್‌ನಲ್ಲಿ ‘ಪರಖ್’ ಹೆಸರಿನಲ್ಲಿ ನಡೆದ ಹೊಸ ಸಮೀಕ್ಷೆ ಸ್ವಲ್ಪ ಗಂಭೀರವಾದದ್ದು, 21 ಲಕ್ಷ ಮಕ್ಕಳನ್ನು ಒಳಗೊಂಡದ್ದು. ದೇಶದ ಮೂರನೇ ತರಗತಿಯ ಮಕ್ಕಳಲ್ಲಿ 99ರವರೆಗಿನ ಸಂಖ್ಯೆಗಳನ್ನು ಏರಿಕೆ ಇಳಿಕೆ ಕ್ರಮದಲ್ಲಿ ಜೋಡಿಸಬಲ್ಲವರು ಶೇ 55 ಎಂದಿತು. ಆರನೇ ತರಗತಿಯಲ್ಲಿ ಹತ್ತರವರೆಗಿನ ಮಗ್ಗಿ ಗೊತ್ತಿರುವವರು ಶೇ 53. ಇದಕ್ಕೆ ಯಾವ ಚಾನೆಲ್ಲೂ ಕೆಂಪಕ್ಷರ ಖರ್ಚು ಮಾಡಲಿಲ್ಲ.

ಉಳಿದದ್ದು ‘ಪ್ರಥಮ್’ ಸಂಸ್ಥೆಯ ‘ಅಸರ್’ ವರದಿ. ಅವರು ಶಾಲೆಗೆ ಹೋಗುವುದಿಲ್ಲ, ಹಳ್ಳಿಯ ಮನೆಗೆ ಹೋಗುತ್ತಾರೆ. ಜಗಲಿಯಲ್ಲಿ ಕೂತ ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಬಿಡಿ ಅಕ್ಷರ, ಸರಳ ಪದ, ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಪುಟ್ಟ ಕತೆ, ಅಷ್ಟೇ. ಎಲ್ಲಿಯವರೆಗೆ ಓದುತ್ತದೋ ಅಲ್ಲಿಯವರೆಗೆ. ಪಾಸು ಫೇಲು ಇಲ್ಲ, ಕೃಪಾಂಕ ಇಲ್ಲ, ನೀಲನಕ್ಷೆಯೂ ಇಲ್ಲ. 2024ರ ವರದಿಯ ಪ್ರಕಾರ ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಕತೆ ಓದಬಲ್ಲವರು ಶೇ 23.4. ಗ್ರಾಮೀಣ ಕರ್ನಾಟಕ ದೇಶದ ಸರಾಸರಿಗಿಂತ ಕೆಳಗಿತ್ತು. ತಮಿಳುನಾಡೂ ಕೆಳಗಿತ್ತು, ಅದೇ 93ರ ತಮಿಳುನಾಡು. ನಾವು ಮೂಗು ಮುರಿಯುವ ಉತ್ತರ ಪ್ರದೇಶ ಮೇಲಿತ್ತು. ಒತ್ತಕ್ಷರದ ಲಿಪಿ ಕಷ್ಟ, ಅದಕ್ಕೇ ಹೀಗೆ ಎಂದು ನಮ್ಮ ಕಡೆ ಒಂದು ಸಮಜಾಯಿಷಿ ಚಾಲ್ತಿಯಲ್ಲಿದೆ. ಮಲಯಾಳದ ಕೂಡಕ್ಷರಗಳೇನು ಸುಲಭವೇ? ಕೇರಳದ ಮಕ್ಕಳು ಇಲ್ಲಿ ಸರಾಸರಿಗಿಂತ ಬಹಳ ಮೇಲಿದ್ದಾರೆ. ಕೇರಳದ ಬಗ್ಗೆ ಹೊಟ್ಟೆಕಿಚ್ಚು ಪಡಲೇಬೇಕೆಂದರೆ ಈ ಅಂಕಿಗೆ ಪಡಬೇಕು.

ಅಸರ್ ವರದಿಗೂ ಮಿತಿಗಳಿವೆ. ನಗರದ ಮಕ್ಕಳನ್ನು ಅದು ಮುಟ್ಟುವುದಿಲ್ಲ, ಮಾದರಿ ಚಿಕ್ಕದು, ಗಟ್ಟಿಯಾಗಿ ಓದುವುದೇ ಓದಲ್ಲ ಎಂಬ ಆಕ್ಷೇಪವೂ ಸರಿಯೇ. ತಮಿಳುನಾಡು ಸರ್ಕಾರ ಅದನ್ನು ಒಪ್ಪುವುದಿಲ್ಲ. ಆಯಿತು. ಆದರೆ ಹತ್ತನೇ ತರಗತಿಯಲ್ಲಿ ಮೇಲಿರುವ ರಾಜ್ಯ ಮೂರನೇ ತರಗತಿಯಲ್ಲಿ ಕೆಳಗೆ, ಇಲ್ಲಿ ಕೆಳಗಿರುವುದು ಅಲ್ಲಿ ಮೇಲೆ ಎಂದಾದರೆ ಎರಡು ಪಟ್ಟಿಗಳಲ್ಲಿ ಒಂದಾದರೂ ಕಲಿಕೆಯನ್ನು ಅಳೆಯುತ್ತಿಲ್ಲ. ಯಾವುದನ್ನು ತಿದ್ದಲು ಹೆಚ್ಚು ಜನರಿಗೆ ಆಸಕ್ತಿ ಇದೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಹೋಲಿಕೆಯೇ ಬೇಡ ಎಂಬುದು ನನ್ನ ವಾದವಲ್ಲ. ಹೋಲಿಕೆ ಬೇಕು, ಮನೆಯೊಳಗೇ ಬೇಕು. 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಒಂದೇ ಬಗೆಯ ಕ್ಯಾಮೆರಾ, ಒಂದೇ ಮೌಲ್ಯಮಾಪನ. ಇದು ಕಳ್ಳ ತೂಕವಲ್ಲ. ಸುಮಾರು 49 ಅಂಕಗಳ ಈ ಕಂದಕದ ಮುಂದೆ ಕೇರಳಕ್ಕೂ ನಮಗೂ ಇರುವ ಅಂತರ ಏನೇನೂ ಅಲ್ಲ. 2023ರಲ್ಲಿ ಕೊನೆಯ ಸ್ಥಾನ ಯಾದಗಿರಿಗೆ, 2024ರಲ್ಲೂ ಶೇ 50.59ರೊಂದಿಗೆ ಯಾದಗಿರಿಗೇ. ಕ್ಯಾಮೆರಾ ಬಂದಾಗ ಪಟ್ಟಿಯ ಮೇಲ್ಭಾಗವೆಲ್ಲ ಕಲಸಿಹೋಯಿತು, ತಳ ಅಲುಗಲಿಲ್ಲ ಎಂಬುದನ್ನು ಗಮನಿಸಬೇಕು.

ಇದಕ್ಕೆ ಕಾರಣ ಹುಡುಕಲು ಸಮಿತಿ ಬೇಕಿಲ್ಲ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57, ಯಾದಗಿರಿಯದು 51.83. ಇವತ್ತು ಹತ್ತನೇ ತರಗತಿ ಬರೆಯುತ್ತಿರುವ ಮಕ್ಕಳ ಅಮ್ಮಂದಿರ ತಲೆಮಾರಿನ ಲೆಕ್ಕ ಅದು. ಒಂದು ಕಡೆ ಬಾಸೆಲ್ ಮಿಷನ್ ಕಾಲದಿಂದ ಊರೂರಿಗೆ ಶಾಲೆ, ಇನ್ನೊಂದು ಕಡೆ ಕನ್ನಡದ ಮಗುವಿಗೆ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದ ನಿಜಾಮ ಆಳ್ವಿಕೆ. ಅದು ಹಳೆಯ ಲೆಕ್ಕ ಎನ್ನೋಣ. ಹೊಸ ಲೆಕ್ಕವೂ ಸುಂದರವಾಗಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಯಾದಗಿರಿ, ರಾಯಚೂರಿನ ಹಳ್ಳಿಗಳಲ್ಲಿ ದೊಡ್ಡ ತರಗತಿಯ ಬೆಂಚುಗಳು ಖಾಲಿಯಾಗುತ್ತವೆ. ಸುಗ್ಗಿ ಮುಗಿದರೆ ಮನೆಗೆ ಮನೆಯೇ ಗುಳೆ ಹೊರಡುತ್ತದೆ, ಬೆಂಗಳೂರು, ಪುಣೆ, ಮುಂಬೈಯ ಕಟ್ಟಡದ ಕೆಲಸಕ್ಕೆ. ಉಳಿದ ಮಕ್ಕಳಿಗೆ ಕಲಿಸಲು ಕಾಯಂ ಶಿಕ್ಷಕರಿಲ್ಲ. ರಾಜ್ಯದಾದ್ಯಂತ 40 ಸಾವಿರಕ್ಕೂ ಹೆಚ್ಚು ಅತಿಥಿ ಶಿಕ್ಷಕರ ಮೇಲೆ ಸರ್ಕಾರಿ ಶಾಲೆ ನಡೆಯುತ್ತಿದೆ, ತಿಂಗಳಿಗೆ ಹನ್ನೆರಡು ಸಾವಿರದ ಸುತ್ತಮುತ್ತಲ ಗೌರವಧನ, ಅದೂ ತಿಂಗಳುಗಟ್ಟಲೆ ತಡವಾಗಿ. ಖಾಲಿ ಹುದ್ದೆ ಹೆಚ್ಚಿರುವುದು ಎಲ್ಲಿ ಎಂದು ಕೇಳಬೇಕೇ? 2002ರ ನಂಜುಂಡಪ್ಪ ವರದಿ ಹಿಂದುಳಿದವೆಂದು ತೋರಿಸಿದ ತಾಲ್ಲೂಕುಗಳಲ್ಲೇ. ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಬಂತು, ಕಲ್ಯಾಣ ಕರ್ನಾಟಕ ಮಂಡಳಿ ‘ಅಕ್ಷರ ಆವಿಷ್ಕಾರ’ ಎಂಬ ಕಾರ್ಯಕ್ರಮ ತಂದಿತು, ದುಡ್ಡೂ ಇದೆ. ಆ ದುಡ್ಡಿನಲ್ಲಿ ಕೊಠಡಿ ಬೇಗ ಏಳುತ್ತದೆ, ಗಣಿತದ ಮೇಷ್ಟ್ರು ಬೇಗ ಬರುವುದಿಲ್ಲ.

ಗೆರೆ ಇಳಿಸಿದ್ದನ್ನು ಸಮರ್ಥಿಸುವವರಲ್ಲಿ ಎಲ್ಲರೂ ಅಂಕಿ ಚಪಲದವರಲ್ಲ. ಅವರ ಒಂದು ವಾದ ಬಲವಾದದ್ದು, ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಹುಡುಗಿಯೊಬ್ಬಳು ಎಸ್‌ಎಸ್‌ಎಲ್‌ಸಿ ಫೇಲಾದರೆ ಅವಳ ಮುಂದಿರುವುದು ಪೂರಕ ಪರೀಕ್ಷೆಯಲ್ಲ, ಮದುವೆ. ಎರಡು ಅಂಕಕ್ಕೆ ಅವಳ ಬದುಕು ಮುಗಿಸಬೇಡಿ ಎಂದು ಅವರು ಹೇಳುತ್ತಾರೆ. ನಿಜ. ವರ್ಷಕ್ಕೆ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶವನ್ನು 2024ರಿಂದ ಕೊಟ್ಟದ್ದು ಈ ಕಾರಣಕ್ಕೇ ಒಳ್ಳೆಯ ನಿರ್ಧಾರ, ಅದನ್ನು ಟೀಕಿಸಿದವರು ಹಳ್ಳಿ ಕಂಡವರಲ್ಲ. ಆದರೆ ಆ ಹುಡುಗಿಗೆ 33ರ ಗೆರೆಯಿಂದ ಸಿಗುವುದೇನು? ಪಿಯುಸಿ ಪ್ರವೇಶದ ಅರ್ಜಿ. ಅಲ್ಲಿ ಎರಡು ವರ್ಷದ ನಂತರ ಇನ್ನೊಂದು ಗೋಡೆ. 2025ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಶೇ 73.45 ಮಾತ್ರ, ಈಗ ಅಲ್ಲಿಯೂ ಗೆರೆ ಇಳಿಸಿದ್ದಾರೆ. ಯಾರನ್ನೂ ಫೇಲು ಮಾಡಬಾರದು ಎಂಬುದೇ ನಿಲುವಾದರೆ ಅದನ್ನು ಎದೆ ತಟ್ಟಿ ಹೇಳಲಿ, ಹತ್ತನೇ ತರಗತಿಯಲ್ಲಿ ಶ್ರೇಣಿ ಮಾತ್ರ ಕೊಡಲಿ, ನಾನು ಜಗಳ ಮಾಡುವುದಿಲ್ಲ. ಕರುಣೆಯ ಹೆಸರಿನಲ್ಲಿ ಶೇಕಡಾವಾರು ಏರಿಸಿಕೊಂಡು, ಆ ಏರಿಕೆಯನ್ನು ಶಾಲೆ ಸುಧಾರಿಸಿದ್ದರ ರುಜುವಾತು ಎಂದು ತೋರಿಸುವುದು ಬೇಡ.

ಕ್ಯಾಮೆರಾ ಎಂದರೆ ಮಕ್ಕಳ ಮೇಲೆ ಅಪನಂಬಿಕೆ ಎಂಬ ಇನ್ನೊಂದು ಮಾತು ಕೇಳಿಬರುತ್ತದೆ. ಕ್ಯಾಮೆರಾ ನೋಡುತ್ತಿದ್ದದ್ದು ಮಕ್ಕಳನ್ನಲ್ಲ, ದೊಡ್ಡವರನ್ನು. ಕೊಠಡಿಗೆ ಬಂದು ಒಂದು ಅಂಕದ ಉತ್ತರ ಹೇಳಿಹೋಗುವವರನ್ನು, ಹೇಳದಿದ್ದರೆ ಊರಿನಲ್ಲಿ ಓಡಾಡುವುದು ಹೇಗೆ ಎಂದು ಮೇಲ್ವಿಚಾರಕರನ್ನು ಕೇಳುವವರನ್ನು. ಅದು ಬಂದ ಮೇಲೆ ಎಷ್ಟೋ ಶಿಕ್ಷಕರು ನೆಮ್ಮದಿಯ ಉಸಿರು ಬಿಟ್ಟರು, ‘ಮೇಲಿಂದ ನೋಡ್ತಿದ್ದಾರೆ ಸಾರ್’ ಎಂದು ಹೇಳಲು ಅವರಿಗೊಂದು ನೆಪ ಸಿಕ್ಕಿತು.

ಬೇರೆ ರಾಜ್ಯಗಳಿಂದ ನಾವು ಕಲಿಯುವ ರೀತಿಯೂ ವಿಚಿತ್ರ. ಪರೀಕ್ಷೆ ಹೆಚ್ಚಿಸಿದರೆ ಕಲಿಕೆ ಹೆಚ್ಚುತ್ತದೆ ಎಂದು ನಂಬಿ 5, 8, 9 ಮತ್ತು 11ನೇ ತರಗತಿಗೂ ಬೋರ್ಡ್ ಪರೀಕ್ಷೆ ತರಲು ಹೊರಟದ್ದು ನೆನಪಿದೆಯೇ? 2024ರ ಮಾರ್ಚ್ 6ರಂದು ಹೈಕೋರ್ಟ್‌ನ ಏಕಸದಸ್ಯ ಪೀಠ ರದ್ದು ಮಾಡಿತು, 7ರಂದು ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು, 11ರಂದು ಪರೀಕ್ಷೆ ಶುರುವಾಯಿತು, 12ರಂದು ಸುಪ್ರೀಂ ಕೋರ್ಟ್ ನಿಲ್ಲಿಸಿತು, 22ರಂದು ಹೈಕೋರ್ಟ್ ಮತ್ತೆ ಅಸ್ತು ಎಂದಿತು, ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶ ಪ್ರಕಟಿಸದಂತೆ ತಡೆಯಿತು. ಹತ್ತು ವರ್ಷದ ಮಗುವಿನ ಪರೀಕ್ಷೆ ದಿಲ್ಲಿಯವರೆಗೆ ಹೋಗಿಬಂತು. ಅದೇ ಹೊತ್ತಿಗೆ ತಮಿಳುನಾಡು 2022ರಲ್ಲಿ ಶುರು ಮಾಡಿದ ಬೆಳಗಿನ ಉಪಾಹಾರ ಯೋಜನೆಯನ್ನು ವಿಸ್ತರಿಸುತ್ತಾ ಹೋಯಿತು. ಅದನ್ನು ನಾವು ತರಲಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2024ರಲ್ಲಿ 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದ ಮೇಲೆ ಮೊಟ್ಟೆ ವಾರಕ್ಕೆ ಆರು ದಿನ ಆಯಿತು, ಅಷ್ಟು ಪುಣ್ಯ. ಇನ್ನೊಂದು ವಿಷಯವೆಂದರೆ ನಾವು ಬೇರೆಯವರಿಂದ ತರಬೇಕಾದ ಅಗತ್ಯವೂ ಅಷ್ಟಿಲ್ಲ. ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಅಕ್ಷರ ಕಲಿಯುವ ನಲಿ–ಕಲಿ ಶುರುವಾದದ್ದು ನಮ್ಮ ಎಚ್.ಡಿ. ಕೋಟೆಯಲ್ಲಿ, 1995ರಲ್ಲಿ. ಬೇರೆ ರಾಜ್ಯದವರು ಬಂದು ನೋಡಿಕೊಂಡು ಹೋದರು. ರಾಜ್ಯಕ್ಕೆಲ್ಲ ಹರಡುವಾಗ ಅದರ ಕಲಿಕಾ ಕಾರ್ಡುಗಳು ಹೋದವು, ಅವನ್ನು ನಡೆಸುವ ತರಬೇತಿ ಮತ್ತು ತರಗತಿಗೊಬ್ಬ ಶಿಕ್ಷಕರು ಜೊತೆಗೆ ಹೋಗಲಿಲ್ಲ. ಮೂರು ತರಗತಿಯ ಐವತ್ತು ಮಕ್ಕಳನ್ನು ಒಬ್ಬರೇ ಟೀಚರ್ ನೋಡಿಕೊಳ್ಳುವಲ್ಲಿ ಯಾವ ಕಾರ್ಡು ಏನು ಮಾಡೀತು?

ಸರ್ಕಾರದಿಂದ ನಾನು ಕೇಳುವುದು ದೊಡ್ಡ ಸುಧಾರಣೆಯನ್ನಲ್ಲ. 35ರ ಗೆರೆ ಮರಳಿ ತನ್ನಿ, ಕ್ಯಾಮೆರಾ ಇರಲಿ, ಫೇಲಾದ ಮಗುವಿಗೆ ಮೂರು ಅವಕಾಶವೂ ಇರಲಿ. ಅದರ ಜೊತೆಗೆ ಪ್ರತಿ ವರ್ಷ ಫೆಬ್ರುವರಿಯಲ್ಲಿ ಎಲ್ಲ ತಾಲ್ಲೂಕಿನ ಮೂರನೇ ಮತ್ತು ಐದನೇ ತರಗತಿಯ ಮಕ್ಕಳನ್ನು ಅವರವರ ಶಾಲೆಗೆ ಸಂಬಂಧವಿಲ್ಲದವರಿಂದ ಓದಿಸಿ. ಹೆಸರು ಬರೆಯಬೇಡಿ, ಅಂಕ ಕೊಡಬೇಡಿ, ಯಾರಿಗೂ ನೋಟಿಸ್ ಬೇಡ. ತಾಲ್ಲೂಕುವಾರು ಅಂಕಿಯನ್ನು ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವೇ, ಅದೇ ಪತ್ರಿಕಾಗೋಷ್ಠಿಯಲ್ಲಿ, ಖಾಲಿ ಹುದ್ದೆಗಳ ಪಟ್ಟಿಯೊಂದಿಗೆ ಪ್ರಕಟಿಸಿ. ಜಿಲ್ಲಾ ಸ್ಥಾನಗಳನ್ನು ಓದುವ ಸಚಿವರೇ ಇದನ್ನೂ ಓದಲಿ. ಪತ್ರಕರ್ತ ಮಿತ್ರರು ಕೇರಳದ 99ರ ಬಗ್ಗೆ ಕೇಳುವ ಮೊದಲು ಒಂದು ಪ್ರಶ್ನೆಯನ್ನು ಅಲ್ಲಿ ಕೇಳಬಹುದು. ಕಲಬುರಗಿಗೆ ಶೇ 42.43 ಬಂದ ವರ್ಷ ಆ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತಕ್ಕೆ ಮತ್ತು ಇಂಗ್ಲಿಷಿಗೆ ಎಷ್ಟು ಕಾಯಂ ಶಿಕ್ಷಕರಿದ್ದರು, ಈಗ ಎಷ್ಟಿದ್ದಾರೆ?